ಹಳದಿ ಕ್ಲಿಪ್ಪು

ಫೆಬ್ರವರಿ ೪

ಹುಡುಗೀ,

ನಿನ್ನನ್ನು ಏನೆಂದು ಕರೆಯಲಿ ಎಂದು ಯೋಚಿಸುತ್ತಲೇ ಅರ್ಧ ಬೆಳಗು ಕಳೆಯಿತು. ನೀನು ನನ್ನ ಸೊಸೆಯಲ್ಲ ಎಂದು ಕೋರ್ಟು ಹೇಳಿಯಾಗಿದೆ. ನನ್ನ ಮಗ ಸಹಿ ಹಾಕಿದ, ನೀನೂ ಹಾಕಿದೆ. ಅತ್ತೆ ಸಹಿ ಹಾಕುವ ಜಾಗ ಆ ಕಾಗದದಲ್ಲಿ ಇರಲಿಲ್ಲವಂತೆ. ಹಾಗಾಗಿ ಸದ್ಯಕ್ಕೆ ಹುಡುಗಿ ಎಂದೇ ಇರಲಿ. ಬೇಸರವಾದರೆ ಹೇಳು.

ಊರು ಬಿಡುವಾಗ ನೀನು ಕೇಳಿದ್ದು ಒಂದೇ: ನಾಯಿಗೂ ಸೇರಿ ರೂಮು ಸಿಗುವ ತನಕ ಅವನನ್ನು ನೋಡಿಕೊಳ್ಳಿ, ಆಗಾಗ ಸುದ್ದಿ ತಿಳಿಸಿ. ಫೋನು ಕೊಡಿಸುತ್ತೇನೆ ಎಂದೂ ಹೇಳಿದೆ. ಅದು ಬೇಡ. ಆಯುಸ್ಸೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಜಗಳ, ಅಳು ಎಲ್ಲವನ್ನೂ ಕೇಳಿದವಳು ನಾನು. ರಿಟೈರ್ ಆದ ದಿನವೇ ಮನೆಯ ಫೋನಿನ ತಂತಿ ಕೀಳಿಸಿದ್ದು ನಿನಗೆ ಗೊತ್ತಿದೆ. ಅಲ್ಲದೆ ನಾವಿಬ್ಬರು ಫೋನು ಹಿಡಿದರೆ ಏನಾಗುತ್ತದೆಂದೂ ಗೊತ್ತಿದೆ. ನೀನು ಸುಮ್ಮನಿರುತ್ತೀಯ, ನಾನೂ ಸುಮ್ಮನಿರುತ್ತೇನೆ, ಆಮೇಲೆ ಲೈನು ಕಟ್ಟಾಯಿತೇನೋ ಎಂದು ಇಬ್ಬರೂ ಹಲೋ ಹಲೋ ಎನ್ನುತ್ತೇವೆ. ಕಾಗದವೇ ವಾಸಿ.

ಹಮಾಲಿ ಆರಾಮಾಗಿದ್ದಾನೆ. ಹೆಸರಿಗೆ ತಕ್ಕ ಹಾಗೆ ಬಾಯಲ್ಲಿ ಹೊತ್ತು ತರುವ ಕೆಲಸವನ್ನು ಬಿಟ್ಟಿಲ್ಲ. ಮೊನ್ನೆ ಒಂದು ದೊಡ್ಡ ಕಪ್ಪೆಯನ್ನು ತಂದು ಅಡುಗೆಮನೆಯ ಹೊಸ್ತಿಲ ಮೇಲೆ ಇಳಿಸಿದ. ಒಂದು ಗೀರೂ ಇಲ್ಲ. ಕಪ್ಪೆ ಮಾತ್ರ ಮಾನ ಹೋದವರ ಮುಖ ಮಾಡಿಕೊಂಡು ಬಹಳ ಹೊತ್ತು ಕೂತಿತ್ತು. ಗೋಡೆಯ ಮೇಲಿನ ಅಳಿಲು ದಿನವೂ ಅವನಿಗೆ ಬೈಯುತ್ತದೆ, ಕಾಗೆಗಳು ತಟ್ಟೆಯಿಂದ ಬ್ರೆಡ್ಡು ಎತ್ತಿಕೊಂಡು ಹೋಗುತ್ತವೆ. ಇವನು ಮನೆಗೆ ಬಂದ ನೆಂಟರನ್ನು ನೋಡುವ ಹಾಗೆ ಅವನ್ನೆಲ್ಲ ನೋಡುತ್ತಾ ಮಲಗಿರುತ್ತಾನೆ.

ಹೊಸದೊಂದು ವಿಷಯವಿದೆ. ಹಿತ್ತಲ ಬೇಲಿಯ ಆಚೆ ಮುಚ್ಚಿಹೋದ ಗೋದಾಮು ಇದೆಯಲ್ಲ, ಅದರ ಕೆಳಗೆ ಒಂದು ನರಿ ಸೇರಿಕೊಂಡಿದೆ. ಸಂಜೆ ಬೇಲಿಯ ಆ ಕಡೆ ಅದು ನಿಲ್ಲುತ್ತದೆ, ಈ ಕಡೆ ಇವನು. ಬೊಗಳುವುದೂ ಇಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ನನಗೆ ಅದು ಅಷ್ಟು ಸರಿ ಕಾಣುತ್ತಿಲ್ಲ.

ಊಟ ಚೆನ್ನಾಗಿ ಮಾಡುತ್ತಾನೆ. ನೀನು ಚಿಂತೆ ಮಾಡಬೇಡ.

ಇಂತಿ,
ಹಮಾಲಿಯ ಊಟದ ಉಸ್ತುವಾರಿ

*

ಫೆಬ್ರವರಿ ೧೬

ನಮಸ್ಕಾರ.

ನಿಮ್ಮ ಕಾಗದ ಬಂತು. ಕಪ್ಪೆಯ ಭಾಗವನ್ನು ಲ್ಯಾಬಿನಲ್ಲಿ ಓದಿ ಹೇಳಿದೆ, ಎಲ್ಲರೂ ನಕ್ಕರು. ಇಲ್ಲಿ ನಾವು ನಗುವುದು ಕಡಿಮೆ. ಉದ್ದನೆಯ ಮೇಜಿನ ಮೇಲೆ ಊರಿನ ಮುದುಕರ ದವಡೆಯ ಅಚ್ಚುಗಳೆಲ್ಲ ಸಾಲಾಗಿ ಬಾಯಿ ತೆರೆದುಕೊಂಡು ಕೂತಿರುತ್ತವೆ. ನನ್ನ ಕೆಲಸ ಅವಕ್ಕೆ ಮೇಣದಲ್ಲಿ ಹಲ್ಲು ಜೋಡಿಸುವುದು. ಕೂದಲೆಳೆಯಷ್ಟು ಎತ್ತರ ಹೆಚ್ಚಾದರೂ ಹಲ್ಲಿನ ಸೆಟ್ಟು ಸರಿಯಾಗಿ ಕಚ್ಚುವುದಿಲ್ಲ, ವಾಪಸ್ಸು ಬರುತ್ತದೆ. ಹೊಸಬಳೆಂದು ಮೇಸ್ತ್ರಿ ನನ್ನದನ್ನು ಎರಡೆರಡು ಸಲ ನೋಡುತ್ತಾರೆ. ಆರು ತಿಂಗಳು ಮುಗಿಯುವ ತನಕ ರಜೆ ಇಲ್ಲ, ಭಾನುವಾರ ಬಿಟ್ಟರೆ.

ಈಗಿನ ರೂಮಿನ ಓನರಮ್ಮ ಮೊದಲ ದಿನವೇ ಹೇಳಿದ್ದರು, "ನಾಯಿ, ಬೆಕ್ಕು, ಗಂಡಸರು, ಸಂಗೀತ, ನಾಲ್ಕೂ ನಮ್ಮನೇಲಿ ಬೇಡಮ್ಮ." ಆದರೆ ಲ್ಯಾಬಿನ ಹಿಂದಿನ ರಸ್ತೆಯಲ್ಲಿ ಬೇರೆ ಮನೆ ನೋಡಿದ್ದೇನೆ. ಒಂದು ರೂಮು, ಚಿಕ್ಕ ಬಾಲ್ಕನಿ. ನಾಯಿ ಇದ್ದರೆ ಕಳ್ಳರ ಭಯವಿಲ್ಲ, ಕರಕೊಂಡು ಬಾ ಎಂದರು ಆ ಮನೆಯೊಡತಿ. ಮಾರ್ಚ್ ಕೊನೆಯ ಭಾನುವಾರ ಬಂದು ಹಮಾಲಿಯನ್ನು ಕರೆದೊಯ್ಯುತ್ತೇನೆ. ಅಲ್ಲಿಯವರೆಗೆ ಸ್ವಲ್ಪ ನೋಡಿಕೊಳ್ಳಿ. ನಿಮಗೆ ತೊಂದರೆ ಕೊಟ್ಟಿದ್ದಕ್ಕೆ ಸಂಕೋಚವಿದೆ.

ಆ ನರಿಯ ವಿಷಯ ನನಗೂ ಸರಿ ಕಾಣುತ್ತಿಲ್ಲ. ಅವನನ್ನು ಬೇಲಿಯ ಹತ್ತಿರ ಬಿಡಬೇಡಿ. ಅವನಿಗೆ ಜಗತ್ತಿನಲ್ಲಿ ಎಲ್ಲರೂ ಒಳ್ಳೆಯವರೇ.

ಇಂತಿ,
ಹಮಾಲಿಯ ಇನ್ನೊಬ್ಬ ಯಜಮಾನಿ

*

ಮಾರ್ಚ್ ೬

ಹುಡುಗೀ,

ಮೊದಲೇ ಹೇಳಿಬಿಡುತ್ತೇನೆ: ಹಮಾಲಿ ಬದುಕಿದ್ದಾನೆ. ಇನ್ನು ಕೂತುಕೊಂಡು ಓದು.

ನಿನ್ನೆ ಮಧ್ಯಾಹ್ನ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಆ ನರಿ ಬೇಲಿಯ ಕೆಳಗಿನಿಂದ ನುಸುಳಿ ನೇರ ಒಳಗೆ ಬಂತು. ಹಗಲು ಹೊತ್ತು, ಮನುಷ್ಯಳೊಬ್ಬಳು ನಿಂತಿದ್ದಾಳೆ ಎಂಬ ಪರಿವೆಯೂ ಇಲ್ಲ. ಹಮಾಲಿಯ ತಟ್ಟೆಗೆ ಬಾಯಿ ಹಾಕಿತು. ಇವನು ಬಾಲ ಆಡಿಸಿಕೊಂಡು ಹತ್ತಿರ ಹೋದ. ಆಮೇಲೆ ನಡೆದದ್ದನ್ನು ಬರೆಯಲು ನನಗೆ ಬರುವುದಿಲ್ಲ. ಎರಡೂ ಒಂದೇ ಉಂಡೆಯಾಗಿ ಉರುಳಿದವು. ನಾನು ಬಕೆಟ್ಟಿನ ನೀರನ್ನು ಎತ್ತಿ ಸುರಿದೆ. ನರಿ ಓಡಿತು, ಅದರ ಬಲಗಿವಿಯ ತುದಿ ಹರಿದು ಜೋತಾಡುತ್ತಿತ್ತು. ಹಮಾಲಿಯ ಮೂತಿಯಿಂದ ರಕ್ತ. ಅವನು ಪಾಪ, ಏನು ತಪ್ಪು ಮಾಡಿದೆ ಎಂದು ನನ್ನ ಮುಖವನ್ನೇ ನೋಡುತ್ತಿದ್ದ.

ಸೋಪು ಹಾಕಿ ತೊಳೆದು, ಆಟೋದಲ್ಲಿ ಪ್ರಾಣಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಗಾಯ ನೋಡುವ ಮೊದಲೇ ಕೇಳಿದರು, "ರೇಬೀಸ್ ಇಂಜೆಕ್ಷನ್ ಈ ವರ್ಷದ್ದು ಆಗಿದೆ ತಾನೆ?" ಆಗಿದೆ, ನನ್ನ ಸೊಸೆ ಊರು ಬಿಡುವ ಮೊದಲು ಹಾಕಿಸಿದ್ದಾಳೆ ಎಂದೆ. ಅವರು ತಮ್ಮ ಕಂಪ್ಯೂಟರಿನಲ್ಲಿ ಹುಡುಕಿದರು. ಇನ್ನೊಮ್ಮೆ ಹುಡುಕಿದರು. "ನಮ್ಮಲ್ಲಿ ಇಲ್ವಲ್ಲಮ್ಮ. ಬೇರೆ ಕಡೆ ಹಾಕಿಸಿರಬಹುದು, ಕೇಳಿ ನೋಡಿ" ಎಂದರು. ಸದ್ಯಕ್ಕೆ ಆಗಿಲ್ಲವೆಂದೇ ಲೆಕ್ಕ ಹಿಡಿದು ಒಂದು ಇಂಜೆಕ್ಷನ್ ಕೊಟ್ಟಿದ್ದಾರೆ. ಹಗಲಲ್ಲಿ ಹೆದರದೆ ಬರುವ ನರಿಗೆ ರೇಬೀಸ್ ಇದ್ದರೂ ಇರಬಹುದು ಎಂದರು.

ನೀನು ಎಲ್ಲಿ ಹಾಕಿಸಿದೆ? ತಕ್ಷಣ ಬರೆ. ಪಕ್ಕದ ಮನೆಯ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ ಹೇಳಿದರೂ ಸರಿ, ಅವನ ನಂಬರು ಕೆಳಗೆ ಬರೆದಿದ್ದೇನೆ. ತಟ್ಟೆಯಲ್ಲಿ ಮಧ್ಯಾಹ್ನದವರೆಗೆ ಊಟ ಯಾಕೆ ಉಳಿದಿತ್ತು ಎಂದು ಮಾತ್ರ ಕೇಳಬೇಡ.

ಇಂತಿ,
ಉಸ್ತುವಾರಿ ಸರಿಯಾಗಿ ಮಾಡದವಳು

*

ಮಾರ್ಚ್ ೧೧

ಅತ್ತೆ,

ಕಾಗದ ಒಡೆದ ಕೂಡಲೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ಅವರು ನಿಮಗೆ ಹೇಳಿರುತ್ತಾರೆ. ನಾನು ಹಾಕಿಸಿಲ್ಲ. ಎಲ್ಲಿಯೂ ಹಾಕಿಸಿಲ್ಲ. ನೀವು ಹಾಕಿಸಿದ್ದೀರಿ ಎಂದುಕೊಂಡಿದ್ದೆ.

ಕೂತು ಕೂತು ನೆನಪು ಮಾಡಿಕೊಂಡೆ. ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ಹಮಾಲಿಯ ಚೈನು, ಅದಕ್ಕೆ ನಮ್ಮ ಬಟ್ಟೆ ಕ್ಲಿಪ್ಪುಗಳು. ಅವನು ನಿಮ್ಮ ಹತ್ತಿರ ಒಂದು ಸಲ, ನನ್ನ ಹತ್ತಿರ ಒಂದು ಸಲ ಹಸಿದವನ ಹಾಗೆ ನಟಿಸಿ ಎರಡೆರಡು ಊಟ ಹೊಡೆದು ಪೀಪಾಯಿ ಆಗಿದ್ದನಲ್ಲ, ಆಗ ಮಾಡಿಕೊಂಡ ಏರ್ಪಾಡು. ನೀಲಿ ಕ್ಲಿಪ್ಪು ಇದ್ದರೆ ಊಟ ಹಾಕಿಯಾಗಿದೆ, ಹಳದಿ ಇದ್ದರೆ ಔಷಧಿ ಆಗಿದೆ. ಕೊನೆಯ ಆ ತಿಂಗಳು ನಾವು ಬೇರೆ ಯಾವ ಮಾತೂ ಆಡುತ್ತಿರಲಿಲ್ಲ. ಇಬ್ಬರ ಪರವಾಗಿ ಕ್ಲಿಪ್ಪುಗಳೇ ಮಾತಾಡುತ್ತಿದ್ದವು.

ಅವತ್ತು ಸಂಜೆ ಅವನನ್ನು ಇಂಜೆಕ್ಷನ್‌ಗೆ ಕರೆದೊಯ್ಯಬೇಕೆಂದು ಬೇಗ ಬಂದೆ. ಚೈನಿನ ಮೇಲೆ ಹಳದಿ ಕ್ಲಿಪ್ಪು ಇತ್ತು. ಓಹೋ, ಅತ್ತೆ ಆಗಲೇ ಹಾಕಿಸಿದ್ದಾರೆ ಎಂದುಕೊಂಡೆ. ಕ್ಲಿಪ್ಪು ತೆಗೆದು ಸುಮ್ಮನೆ ಸುತ್ತಾಡಿಸಿಕೊಂಡು ಬಂದೆ. ಒಂದು ಮಾತು ಕೇಳಬಹುದಿತ್ತು. ನೀವು ಒಳಗೆ ಪಾತ್ರೆ ತೊಳೆಯುತ್ತಿದ್ದಿರಿ. ಬಾಗಿಲ ತನಕ ಬಂದು ವಾಪಸ್ಸು ಹೋದೆ.

ಆ ಹಳದಿ ಕ್ಲಿಪ್ಪು ಯಾವುದಕ್ಕೆ ಹಾಕಿದ್ದಿರಿ?

ಇನ್ನೊಂದು ವಿಷಯ. ಸೋಪು ಹಾಕಿ ತೊಳೆದೆ ಎಂದು ಬರೆದಿದ್ದೀರಿ. ಬರಿಗೈಯಲ್ಲೇ ತೊಳೆದಿರಾ? ಚಳಿಗಾಲದಲ್ಲಿ ಬಿರಿದ ನಿಮ್ಮ ಬೆರಳುಗಳು ಇನ್ನೂ ಮಾಗಿರುವುದಿಲ್ಲ, ನನಗೆ ಗೊತ್ತು. ಡಾಕ್ಟರಿಗೆ ಕೈ ತೋರಿಸಿದಿರಾ? ನಿಮಗೆ ಇಂಜೆಕ್ಷನ್ ಕೊಟ್ಟರಾ? ನಾಯಿಯ ಬಗ್ಗೆ ಎರಡು ಪುಟ ಬರೆದು ನಿಮ್ಮ ಬಗ್ಗೆ ಒಂದು ಸಾಲೂ ಬರೆದಿಲ್ಲ. ಅದಕ್ಕೇ ಭಯವಾಗುತ್ತಿದೆ. ಈ ರೋಗ ಬಂದ ಮೇಲೆ ಔಷಧಿ ಇಲ್ಲ ಅತ್ತೆ, ಬರುವ ಮೊದಲೇ ತಡೆಯಬೇಕು. ದಯವಿಟ್ಟು ಆಸ್ಪತ್ರೆಗೆ ಹೋಗಿ.

ಬಂದುಬಿಡಲೇ? ಮೇಸ್ತ್ರಿಯ ಕಾಲು ಹಿಡಿದಾದರೂ ರಜೆ ಕೇಳುತ್ತೇನೆ.

ನಿಮ್ಮ,
ನಿದ್ದೆಯಿಲ್ಲದವಳು

*

ಮಾರ್ಚ್ ೧೯

ಹುಡುಗೀ,

ನಿನ್ನ ಕಾಗದದ ಮೊದಲ ಪದವನ್ನು ಎರಡು ಸಲ ಓದಿದೆ. ಅದರ ಬಗ್ಗೆ ಏನೂ ಹೇಳುವುದಿಲ್ಲ.

ಬರಬೇಡ. ಬಂದರೂ ಅವನನ್ನು ಮುಟ್ಟುವ ಹಾಗಿಲ್ಲ. ಡಾಕ್ಟರು ಎರಡು ದಾರಿ ಹೇಳಿದರು. ಒಂದನ್ನು ನಾನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಇನ್ನೊಂದು, ನಾಲ್ಕು ತಿಂಗಳು ಯಾರ ಸಂಪರ್ಕವೂ ಇಲ್ಲದೆ ಬೇರೆ ಇಡುವುದು. ಆ ಕಾಯಿಲೆ ಒಳಗೆ ಸೇರಿದ್ದರೆ ತಿಂಗಳುಗಟ್ಟಲೆ ಸದ್ದಿಲ್ಲದೆ ಇರಬಹುದಂತೆ. ಹಿತ್ತಲ ಶೆಡ್ಡಿನಿಂದ ಹಳೆಯ ಸಾಮಾನೆಲ್ಲ ಹೊರಗೆಸೆದು, ಎಲೆಕ್ಟ್ರಿಷಿಯನ್ ಕೈಯಲ್ಲಿ ಎರಡು ಪದರ ಜಾಲರಿ ಹೊಡೆಸಿ ಅವನನ್ನು ಅಲ್ಲಿಟ್ಟಿದ್ದೇನೆ. ಊಟದ ತಟ್ಟೆಯನ್ನು ಕೋಲಿನಲ್ಲಿ ಕೆಳಗಿನಿಂದ ತಳ್ಳುತ್ತೇನೆ. ಅವನು ಜಾಲರಿಗೆ ಮೂತಿ ಒತ್ತಿಕೊಂಡು ನಿಲ್ಲುತ್ತಾನೆ. ಕುರ್ಚಿ ಹಾಕಿಕೊಂಡು ಈ ಕಡೆ ಕೂತಿರುತ್ತೇನೆ. ನಿನ್ನ ಕಾಗದಗಳನ್ನೇ ಜೋರಾಗಿ ಓದುತ್ತೇನೆ, ಅವನಿಗೆ ಓದಿ ಹೇಳಲು ಮನೆಯಲ್ಲಿ ಬೇರೇನೂ ಇಲ್ಲ.

ಆ ಹಳದಿ ಕ್ಲಿಪ್ಪು ಜಂತುಹುಳದ ಮಾತ್ರೆಗೆ ಹಾಕಿದ್ದು. ಬೆಳಗ್ಗೆ ಮಾತ್ರೆ ಕೊಟ್ಟು ಸಿಕ್ಕಿಸಿದ್ದೆ. ಸಂಜೆ ನೀನು ಅವನನ್ನು ಕರೆದುಕೊಂಡು ಡಾಕ್ಟರ ರಸ್ತೆಯಿಂದ ಬರುವುದನ್ನು ಕಿಟಕಿಯಲ್ಲಿ ಕಂಡೆ. ಇಂಜೆಕ್ಷನ್ ಹಾಕಿಸಿಕೊಂಡು ಬಂದಳು ಎಂದುಕೊಂಡೆ. ನಾನೂ ಕೇಳಲಿಲ್ಲ. ಬೇರೆ ಯಾವ ಮನೆಯಲ್ಲೂ ಹೀಗಾಗುತ್ತಿರಲಿಲ್ಲ, ಅಲ್ಲಿ ಅತ್ತೆ ಸೊಸೆ ದಿನಕ್ಕೆ ನಾಲ್ಕು ಸಲ ಜಗಳವಾಡುತ್ತಾರೆ.

ಕೈಗೆ ಇಂಜೆಕ್ಷನ್ ಹಾಕಿಸಿಕೊಂಡೆ. ಮೊದಲನೆಯದು ಮಾತ್ರ. ಅವನನ್ನು ಒಬ್ಬನೇ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ಯಾರು ನಿಲ್ಲುತ್ತಾರೆ ಎಂದು ಎರಡನೆಯದಕ್ಕೆ ಹೋಗಿರಲಿಲ್ಲ. ಅಷ್ಟರಲ್ಲಿ ಎಲೆಕ್ಟ್ರಿಷಿಯನ್ ಗೇಟಿನ ಮುಂದೆ ಸ್ಕೂಟರ್ ತಂದು ನಿಲ್ಲಿಸಿ ಹಾರನ್ ಹೊಡೆಯತೊಡಗಿದ.

"ಅಮ್ಮಾ, ಹತ್ತಿ. ನಿಮ್ಮ ಸೊಸೆ ಫೋನಲ್ಲಿ ನನ್ನ ಕಿವಿ ಹರಿದು ಹಾಕಿದ್ದಾರೆ. ನೀವು ಬರದೇ ಇದ್ರೆ ಹೊತ್ಕೊಂಡಾದ್ರೂ ಹೋಗಬೇಕಂತೆ. ನನ್ನ ಸೊಂಟ ಮೊದಲೇ ಸರಿಯಿಲ್ಲ, ದಯವಿಟ್ಟು ಹತ್ತಿಬಿಡಿ."

"ರಿಪೇರಿಗೆ ಹೊತ್ತೊಯ್ಯೋಕೆ ನಾನೇನು ಫ್ಯಾನೇನಯ್ಯಾ?" ಎಂದೆ. ಆದರೂ ಹತ್ತಿದೆ. ತಡವಾಯಿತೆಂದು ನರ್ಸಮ್ಮ ನನಗೆ ಮಕ್ಕಳಿಗೆ ಬೈದ ಹಾಗೆ ಬೈದರು. ಉಳಿದವನ್ನು ತಪ್ಪಿಸುವುದಿಲ್ಲ, ಆಣೆ.

ಮಗ ಬಂದಿದ್ದ. ಗೇಟಿನಿಂದ ಒಳಗೆ ಕಾಲಿಡಲಿಲ್ಲ. "ಅಮ್ಮ, ಡಾಕ್ಟರಿಗೆ ಹೇಳಿ ಅದನ್ನ ಇಂಜೆಕ್ಷನ್ ಕೊಡಿಸಿ ಮುಗಿಸಿಬಿಡು. ವಯಸ್ಸಾದ ನಾಯಿ. ನಾಳೆ ನಿನಗೇನಾದ್ರೂ ಆದ್ರೆ?"

"ನಾಯಿ ನಿಂದಲ್ಲ" ಎಂದೆ.

"ನಿಂದೂ ಅಲ್ವಲ್ಲ."

"ಅಲ್ಲ. ನನ್ನ ಸೊಸೇದು."

"ಯಾವ ಸೊಸೆ ಅಮ್ಮ?" ಎಂದು ಕೇಳಿದ. ನನಗಿದ್ದವಳು ಒಬ್ಬಳೇ ಎಂದೆ. ಅವನು ಗೇಟು ಎಳೆದುಕೊಂಡು ಹೊರಟುಹೋದ.

ಕೇಳಬೇಡ ಎಂದಿದ್ದೆ, ನೀನು ಕೇಳಲಿಲ್ಲ. ನಾನೇ ಹೇಳುತ್ತೇನೆ. ನೀನು ಹೋದ ದಿನದಿಂದ ಅವನು ಅರ್ಧ ಊಟವನ್ನೂ ಮಾಡುತ್ತಿರಲಿಲ್ಲ. ಈಗಲಾದರೂ ತಿನ್ನಲಿ, ಆಗಲಾದರೂ ತಿನ್ನಲಿ ಎಂದು ತಟ್ಟೆಯನ್ನು ಹಿತ್ತಲಲ್ಲೇ ಬಿಡುತ್ತಿದ್ದೆ. ನರಿ ಬಂದದ್ದು ಆ ವಾಸನೆಗೆ.

ಇಂತಿ,
ಶೆಡ್ಡಿನ ಕಾವಲುಗಾತಿ

*

ಏಪ್ರಿಲ್ ೫

ಅತ್ತೆ,

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಎಲೆಕ್ಟ್ರಿಷಿಯನ್ ಫೋನಿನಲ್ಲಿ "ಎಲ್ಲ ಚೆನ್ನಾಗಿದೆ ಮೇಡಂ" ಎನ್ನುತ್ತಾರೆ. ಅವರ ದನಿಯಲ್ಲಿ ಏನೋ ಇದೆ ಅನ್ನಿಸುತ್ತದೆ. ನೀವಾಗಿದ್ದರೆ ದನಿ ಕೇಳಿದ ಕೂಡಲೇ ಸುಳ್ಳೋ ನಿಜವೋ ಹೇಳಿಬಿಡುತ್ತಿದ್ದಿರಿ.

ನಿನ್ನೆ ಒಬ್ಬರ ಹಲ್ಲಿನ ಸೆಟ್ಟನ್ನು ಪೂರ್ತಿ ತಲೆಕೆಳಗಾಗಿ ಜೋಡಿಸಿದೆ. ಮೇಸ್ತ್ರಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಮನೇಲಿ ಯಾರಿಗೆ ಹುಷಾರಿಲ್ಲಮ್ಮ?" ಎಂದು ಕೇಳಿದರು. ನಾಯಿಗೆ ಎಂದೆ. ಆಮೇಲೆ, ಅತ್ತೆಗೆ ಎಂದೆ. ಅಲ್ಲೇ ಮೇಜಿನ ಮುಂದೆ ಅತ್ತುಬಿಟ್ಟೆ.

ರಾತ್ರಿ ಮಲಗಿದರೆ ಅವನು ನೀರು ಕುಡಿಯುತ್ತಿದ್ದಾನೋ ಇಲ್ಲವೋ ಎಂದೇ ಯೋಚನೆ. ಏನಾದರೂ ಬದಲಾವಣೆ ಕಂಡರೆ ದಯವಿಟ್ಟು ಶೆಡ್ಡಿನ ಬಾಗಿಲು ತೆರೆಯಬೇಡಿ. ಅವನು ಎಷ್ಟೇ ಅತ್ತರೂ ತೆರೆಯಬೇಡಿ. ಇದನ್ನು ಬರೆಯುವಾಗ ನನಗೆ ಏನಾಗುತ್ತಿದೆ ಎಂದು ನಿಮಗೆ ತಿಳಿಯುತ್ತದೆ.

ಒಂದೇ ಒಂದು ಸಾಲಾದರೂ ಬರೆಯಿರಿ.

ನಿಮ್ಮ,
ಹುಡುಗಿ

*

ಏಪ್ರಿಲ್ ೧೪

ಹುಡುಗೀ,

ಬರೆಯದೇ ಇದ್ದದ್ದಕ್ಕೆ ಕಾರಣವಿತ್ತು. ಅದು ಮುಗಿದಿದೆ. ಈಗ ಬರೆಯುತ್ತೇನೆ.

ಈ ತಿಂಗಳ ಮೊದಲಿಗೇ ಒಂದು ಬೆಳಗ್ಗೆ ತಟ್ಟೆ ತಳ್ಳಿದಾಗ ಹಮಾಲಿ ಏಳಲಿಲ್ಲ. ನೀರಿನ ಬಟ್ಟಲು ಹಾಗೇ ತುಂಬಿತ್ತು. ಹತ್ತಿರ ಹೋಗಿ ನೋಡಿದರೆ ಬಾಯಿಂದ ಜೊಲ್ಲು ಇಳಿಯುತ್ತಿದೆ. ದವಡೆಯನ್ನು ಮುಂಗಾಲಿನಿಂದ ಕೆರೆದುಕೊಳ್ಳುತ್ತಿದ್ದಾನೆ, ಬಾಯಿ ಮುಚ್ಚಲು ಆಗುತ್ತಿಲ್ಲ. ಡಾಕ್ಟರು ಹೇಳಿದ್ದ ಗುರುತುಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಹೆಸರು ಹಿಡಿದು ಕರೆದೆ. ಬಾಲ ಆಡಿಸಿದ. ಬಾಲ ಆಡಿಸಿದ್ದಕ್ಕೇ ನನಗೆ ಹೆಚ್ಚು ಅಳು ಬಂತು.

ಬಾಗಿಲು ತೆರೆಯಲಿಲ್ಲ. ನಿನ್ನ ಕಾಗದ ಬರುವ ಮೊದಲೇ ನನಗೂ ಅಷ್ಟು ಬುದ್ಧಿ ಇತ್ತು. ಎಲೆಕ್ಟ್ರಿಷಿಯನ್ ಹೋಗಿ ಡಾಕ್ಟರನ್ನು ಕರೆತಂದ. ಅವರು ಮೊಣಕೈ ತನಕ ದಪ್ಪ ಗ್ಲೌಸು, ಮುಖಕ್ಕೆ ಗಾಜಿನ ಪರದೆ, ಕುತ್ತಿಗೆಗೆ ಹಾಕುವ ಉದ್ದನೆಯ ಕೋಲು ಎಲ್ಲ ತಂದಿದ್ದರು. ಚೀಲದಲ್ಲಿ ಇನ್ನೇನಿದೆ ಎಂದು ನಾನು ಕೇಳಲಿಲ್ಲ. "ಅಮ್ಮ, ನೀವು ಒಳಗೆ ಹೋಗಿ" ಎಂದರು.

"ಏನು ಮಾಡೋದಿದ್ರೂ ನಾನು ಇಲ್ಲಿದ್ದಾಗಲೇ ಮಾಡಿ. ಅವನು ಹುಡುಕೋದು ನನ್ನನ್ನೇ" ಎಂದೆ.

ಅವರು ದೂರದಿಂದ ಟಾರ್ಚು ಬಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅವನಿಗೆ ಮಂಪರಿನ ಇಂಜೆಕ್ಷನ್ ಕೊಟ್ಟು, ಬಾಯಿಗೆ ಇಕ್ಕಳ ಹಾಕಿ ಏನನ್ನೋ ಕಿತ್ತು ತೆಗೆದರು. ಬೆರಳುದ್ದದ ಕಡ್ಡಿ! ಮೇಲಿನ ಹಲ್ಲುಗಳ ನಡುವೆ ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಹೊತ್ತು ತರಲು ಏನೂ ಸಿಗದೆ ನಮ್ಮ ಹಮಾಲಿ ಶೆಡ್ಡಿನ ಮರದ ಚೌಕಟ್ಟನ್ನೇ ಕಡಿದಿದ್ದಾನೆ. ಡಾಕ್ಟರ ಹಣೆಯ ಮೇಲೂ ಬೆವರು. ನಿನ್ನ ಕಸುಬಿನವಳು ಮನೆಯಲ್ಲಿದ್ದಿದ್ದರೆ ಹಲ್ಲು ನೋಡಿಯೇ ಹೇಳುತ್ತಿದ್ದಳು ಎಂದು ಅವರಿಗೆ ಹೇಳಿದೆ. ನಾನು ಗೋಡೆ ಹಿಡಿದುಕೊಂಡೇ ಹಾಗೆಂದದ್ದು.

ಹೋಗುವಾಗ ಡಾಕ್ಟರು ಒಂದು ಮಾತು ಹೇಳಿದರು. "ರೇಬೀಸ್ ತಗುಲಿ ಕಚ್ಚೋ ಹಂತಕ್ಕೆ ಬಂದ ನರಿ ಹೆಚ್ಚು ದಿನ ಬದುಕಲ್ಲ ಅಮ್ಮ. ಆ ಕಿವಿ ಹರಿದ ನರಿ ಈಗಲೂ ಓಡಾಡ್ಕೊಂಡಿರೋದು ಯಾರ ಕಣ್ಣಿಗಾದ್ರೂ ಬಿದ್ರೆ, ನನಗೂ ಅವತ್ತಿಂದ ನಿದ್ದೆ ಬರುತ್ತೆ."

ಅವತ್ತಿನಿಂದ ನಾನು ಕುರ್ಚಿಯನ್ನು ಇನ್ನೊಂದು ಕಡೆಗೂ ತಿರುಗಿಸಿಕೊಂಡಿದ್ದೇನೆ. ಸ್ವಲ್ಪ ಹೊತ್ತು ಶೆಡ್ಡಿನ ಕಡೆ ನೋಡುತ್ತೇನೆ, ಸ್ವಲ್ಪ ಹೊತ್ತು ಗೋದಾಮಿನ ಕಡೆ. ಆ ನರಿಗೆ ನಾನು ಹಾಕಿದ ಶಾಪ ಒಂದೆರಡಲ್ಲ. ಈಗ ಅದು ಚೆನ್ನಾಗಿರಲಪ್ಪಾ, ಹೊಟ್ಟೆತುಂಬ ತಿಂದುಕೊಂಡಿರಲಪ್ಪಾ ಎಂದು ಕೂತಿದ್ದೇನೆ.

ನನ್ನ ಇಂಜೆಕ್ಷನ್ ಎಲ್ಲ ಮುಗಿಯಿತು.

ಇಂತಿ,
ನರಿ ಕಾಯುವವಳು

*

ಏಪ್ರಿಲ್ ೨೨

ಅತ್ತೆ,

ಕಡ್ಡಿಯ ಸುದ್ದಿ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ.

ಹೊಸ ಮನೆಗೆ ಬಂದಿದ್ದೇನೆ. ಬಾಲ್ಕನಿಯಲ್ಲಿ ಅವನಿಗೆಂದು ಚಾಪೆ ಹಾಸಿದ್ದೆ. ನೋಡಿದರೆ ಸಂಕಟವಾಗುತ್ತದೆಂದು ಮಡಚಿಟ್ಟೆ. ಎದುರಿನ ಮರದಲ್ಲಿ ಗೂಬೆಯೊಂದಿದೆ, ಕತ್ತಲಾದ ಕೂಡಲೇ ಕೂಗುತ್ತದೆ. ಮನೆಯೊಡತಿ ಅಪಶಕುನ ಎಂದು ಕಿಟಕಿ ಮುಚ್ಚುತ್ತಾರೆ. ಹಮಾಲಿ ಇದ್ದಿದ್ದರೆ ಅದರ ಜೊತೆಗೂ ಸ್ನೇಹ ಮಾಡಿರುತ್ತಿದ್ದ.

ನಾನು ದೇವರನ್ನು ಕೇಳಿಕೊಂಡು ವರ್ಷಗಳಾಗಿದ್ದವು. ಈಗ ಒಂದು ನರಿಗಾಗಿ ಕೇಳಿಕೊಳ್ಳುತ್ತಿದ್ದೇನೆ.

ನಿಮ್ಮ,
ಹುಡುಗಿ

*

ಮೇ ೩

ಹುಡುಗೀ,

ಬಂತು!

ಇವತ್ತು ಬೆಳಗ್ಗೆ, ಬಿಸಿಲು ಏರುವ ಮೊದಲು. ಗೋದಾಮಿನ ಮೆಟ್ಟಿಲಿನ ಕೆಳಗಿನಿಂದ ಮೊದಲು ಮರಿಗಳು ಬಂದವು, ಒಂದರ ಮೇಲೊಂದು ಬಿದ್ದುಕೊಂಡು. ಅವುಗಳ ಹಿಂದೆ ತಾಯಿ. ತೆಳ್ಳಗಾಗಿದೆ, ಹಾಲೂಡಿಸುವ ಮೊಲೆಗಳು ಜೋತಿವೆ. ಬಲಗಿವಿಯ ತುದಿ ಇಲ್ಲ. ಹರಿದ ಜಾಗ ಒಣಗಿ ಗಟ್ಟಿಯಾಗಿದೆ. ನನ್ನನ್ನು ನೋಡಿತು. ನಾನು ಉಸಿರೂ ಬಿಡಲಿಲ್ಲ.

ಹೊಟ್ಟೆಯಲ್ಲಿ ಮರಿ ಇಟ್ಟುಕೊಂಡು ಹಸಿದಿದ್ದಕ್ಕೆ ಅವತ್ತು ಹಗಲಲ್ಲೇ ಬಂದದ್ದು, ಹುಚ್ಚು ಹಿಡಿದಲ್ಲ. ಎಲೆಕ್ಟ್ರಿಷಿಯನ್‌ನನ್ನು ಹಲ್ಲುಜ್ಜುತ್ತಿದ್ದವನನ್ನು ಹಾಗೇ ಎಳೆದುಕೊಂಡು ಬಂದು ಫೋನಿನಲ್ಲಿ ಫೋಟೋ ತೆಗೆಸಿದೆ. ಡಾಕ್ಟರು ಫೋಟೋವನ್ನು ದೊಡ್ಡದು ಮಾಡಿ ಕಿವಿ ನೋಡಿ ಕುರ್ಚಿಗೆ ಒರಗಿ ಕೂತರು. ನಿಯಮ ನಿಯಮವೇ, ಹಮಾಲಿ ಪೂರ್ತಿ ನಾಲ್ಕು ತಿಂಗಳು ಒಳಗೇ ಇರಬೇಕಂತೆ. ಇರಲಿ. ಆದರೆ "ಹೆದರಬೇಡಿ ಅಮ್ಮ, ಮನೆಗೆ ಹೋಗಿ ಊಟ ಮಾಡಿ" ಎಂದರು. ನಾನು ಊಟ ಬಿಟ್ಟದ್ದು ಅವರಿಗೆ ಯಾರು ಹೇಳಿದರೋ.

ಮನೆಗೆ ಬಂದು ಶೆಡ್ಡಿನ ಮುಂದೆ ಕೂತು ಅವನಿಗೆ ಎಲ್ಲವನ್ನೂ ಹೇಳಿದೆ. ಕೇಳಿಸಿಕೊಂಡ. ತಟ್ಟೆ ಖಾಲಿ ಮಾಡಿದ.

ಇಂತಿ,
ಇವತ್ತು ಹೊಟ್ಟೆತುಂಬ ಉಂಡವಳು

*

ಜುಲೈ ೭

ಹುಡುಗೀ,

ನಿನ್ನೆ ಡಾಕ್ಟರು ಬಂದು ನೋಡಿ, ಬಾಗಿಲು ತೆರೆಯಬಹುದು ಎಂದರು. ತೆರೆದೆ. ಅವನು ನೇರ ಹಾರಿ ಬರುತ್ತಾನೆ ಎಂದುಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಬರಲಿಲ್ಲ. ಹೊಸ್ತಿಲಲ್ಲಿ ನಿಂತು ನನ್ನ ಮುಖ ನೋಡಿದ. ಬರಬಹುದೇ ಎಂದು ಕೇಳುತ್ತಿದ್ದ. ಬಾರೋ ಎಂದೆ. ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಮೂಸಿ ನೋಡಿದ. ಬೇಲಿಯ ತನಕ ಹೋಗಿ ಗೋದಾಮಿನ ಕಡೆ ನೋಡಿದ. ನರಿಯ ಸಂಸಾರ ಬೇರೆ ಕಡೆ ಹೋಗಿಯಾಗಿದೆ. ಆಮೇಲೆ ಮನೆಯೊಳಗೆ ಹೋಗಿ ನಿನ್ನ ರೂಮಿನ ಬಾಗಿಲಿಗೆ ಅಡ್ಡ ಮಲಗಿದ.

ನಿನ್ನ ರಜೆಯ ತೊಡಕೂ ಮುಗಿಯುತ್ತಾ ಬಂತಲ್ಲ. ಬಂದು ಕರೆದುಕೊಂಡು ಹೋಗು. ಅವನ ತಟ್ಟೆ, ಹೊದಿಕೆ, ಬ್ರಷ್ಷು ಎಲ್ಲ ತೊಳೆದು ಚೀಲದಲ್ಲಿ ಹಾಕಿದ್ದೇನೆ. ಈ ಸಲ ಇಂಜೆಕ್ಷನ್ ಕಾರ್ಡನ್ನು ಮೇಲುಗಡೆಯೇ ಇಟ್ಟಿದ್ದೇನೆ.

ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲವಾದರೆ ಗಂಟಲಲ್ಲೇ ಉಳಿಯುತ್ತದೆ. ಮಾರ್ಚ್ ಕೊನೆಗೆ ಬಂದು ಕರೆದೊಯ್ಯುತ್ತೇನೆ ಎಂದು ನೀನು ಬರೆದಾಗ ನನಗೆ ಎರಡು ದಿನ ಏನೂ ಸೇರಲಿಲ್ಲ. ನಾಯಿ ಹೋದರೆ ನನ್ನ ಕಾಗದಕ್ಕೆ ನೀನು ಯಾಕೆ ಉತ್ತರ ಬರೆಯುತ್ತೀಯ? ಆಮೇಲೆ ಡಾಕ್ಟರು ನಾಲ್ಕು ತಿಂಗಳು ಎಂದರು. ಅಷ್ಟು ಹೆದರಿಕೆಯ ನಡುವೆಯೂ ಒಂದು ಕ್ಷಣ ನನಗೆ ಸಮಾಧಾನವಾಯಿತು. ನಾಲ್ಕು ತಿಂಗಳು ಕಾಗದ ಬರುತ್ತದೆ ಎಂದು. ಅದಕ್ಕಾಗಿ ನನಗೆ ನನ್ನ ಮೇಲೇ ಅಸಹ್ಯವಾಗಿ, ಶೆಡ್ಡಿನ ಮುಂದೆ ಕೂತು ಅವನ ಕ್ಷಮೆ ಕೇಳಿದ್ದೇನೆ. ನಿನ್ನದನ್ನೂ ಕೇಳುತ್ತೇನೆ.

ಭಾನುವಾರ ಬಾ.

ಇಂತಿ,
ನಿನಗೆ ಏನಾಗಬೇಕೋ ಗೊತ್ತಿಲ್ಲದವಳು

*

ಜುಲೈ ೧೩

ಅತ್ತೆ,

ಮುಂದಿನ ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಚೀಲ ಬಿಚ್ಚಿ ಅವನ ಸಾಮಾನನ್ನು ಎಲ್ಲಿತ್ತೋ ಅಲ್ಲೇ ಇಡಿ. ಅವನನ್ನು ಕರೆದೊಯ್ಯುವುದಿಲ್ಲ. ಇಷ್ಟು ತಿಂಗಳು ಜಾಲರಿಯ ಆಚೆ ಕೂತವರನ್ನು ಬಿಟ್ಟು ಬಾ ಎಂದು ಅವನಿಗೆ ಹೇಳಲು ನನ್ನಿಂದ ಆಗುವುದಿಲ್ಲ. ಇನ್ನು ಮೇಲೆ ತಿಂಗಳಿಗೆ ಎರಡು ಸಲ ಶನಿವಾರ ಸಂಜೆ ನಾನೇ ಬರುತ್ತೇನೆ. ಮೇಸ್ತ್ರಿ ಒಪ್ಪಿದ್ದಾರೆ. ನೀವು ಒಪ್ಪುತ್ತೀರಾ ಎಂದು ಕೇಳುವುದನ್ನು ಮರೆಯುತ್ತಿದ್ದೆ. ನೋಡಿ, ಮತ್ತೆ ಅದೇ ಅಭ್ಯಾಸ. ಬರಲೇ?

ಆ ಕೊನೆಯ ತಿಂಗಳು ನೀವು ಒಂದು ಮಾತೂ ಆಡಲಿಲ್ಲ ಎಂದು ನನಗೆ ಬಹಳ ಸಿಟ್ಟಿತ್ತು. ನಿಮ್ಮ ಮಗನ ಕಡೆಯವರು ನೀವು ಎಂದುಕೊಂಡಿದ್ದೆ. ಮೊಳೆಯಲ್ಲಿ ಕ್ಲಿಪ್ಪು ಬದಲಾಗುವುದನ್ನು ನೋಡಿ, ಇವರಿಗೆ ನಾಯಿಯದೊಂದೇ ಚಿಂತೆ ಎಂದು ಅಳುತ್ತಿದ್ದೆ. ಬಾಗಿಲ ತನಕ ಬಂದವಳು ಒಳಗೆ ಬಂದು ಕೇಳಬಹುದಿತ್ತು. ಕೇಳಲಿಲ್ಲ.

ಬಸ್ಸು ತಡವಾದರೆ ಕಾಯಬೇಡಿ, ಊಟ ಮಾಡಿ.

ನಿಮ್ಮ,
ಸೊಸೆ

*

ಜುಲೈ ೧೬

ಸೊಸೆಗೆ,

ಬಾ. ಕೇಳಿದ್ದಕ್ಕೆ ಸಂತೋಷವಾಯಿತು.

ಮೊಳೆಯಿಂದ ಕ್ಲಿಪ್ಪುಗಳನ್ನು ತೆಗೆದು ಹಿತ್ತಲ ತಂತಿಗೆ ಹಾಕಿದ್ದೇನೆ, ಬಟ್ಟೆಗೆ. ನೀನು ಬಂದ ಮೇಲೆ ಹಮಾಲಿ ನಮ್ಮಿಬ್ಬರ ಹತ್ತಿರವೂ ಬಂದು, ಹುಟ್ಟಿದಾಗಿನಿಂದ ಏನೂ ತಿಂದಿಲ್ಲ ಎಂಬ ಮುಖ ಮಾಡುತ್ತಾನೆ. ನಂಬಬೇಡ. ನೀನು ಎಲ್ಲಿದ್ದೀಯೋ ಅಲ್ಲಿಂದಲೇ ಕೂಗಿ ಕೇಳು, "ಅತ್ತೇ, ಇವನಿಗೆ ಊಟ ಹಾಕಿದ್ರಾ?" ಅಂತ.

ನಾನು ಪಾತ್ರೆ ತೊಳೆಯುತ್ತಿದ್ದರೂ ನಲ್ಲಿ ನಿಲ್ಲಿಸಿ ಉತ್ತರ ಕೊಡುತ್ತೇನೆ.

ಇಂತಿ,
ಅತ್ತೆ